ಯಾರ ಮಾತು ಕೇಳಿ ಕಾನೂನು ಮಾಡಿದರು?

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ನಡೆದ ಸಮಾಜ ಸುಧಾರಣೆಯ ಚಳವಳಿಗಳ ಬಗ್ಗೆ ಹೇಳುವಾಗ ಬಾಲಕಾರ್ಮಿಕ ಪದ್ಧತಿಯ ವಿರೋಧ, ಕಾರ್ಖಾನೆ ಕಾನೂನು, ಹೆಂಗಸರ ಮತದಾನದ ಹಕ್ಕು, ಪಾನನಿಷೇಧ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದೆ. ಮೊನ್ನೆ ಒಬ್ಬ ಹುಡುಗಿ ಎದ್ದು ನಿಂತು, ‘ಇವರೆಲ್ಲ ಅಷ್ಟು ಒಳ್ಳೆಯವರಾಗಿದ್ದರೆ ಪಾನನಿಷೇಧ ಯಾಕೆ ಬಿದ್ದುಹೋಯಿತು ಮಿಸ್? ಕಪ್ಪುಜನರಿಗೆ ಇದರಿಂದ ಏನು ಸಿಕ್ಕಿತು?’ ಎಂದಳು. ಮುಂದಿನ ವಾರ ಹೇಳುತ್ತೇನೆ ಎಂದು ಬಂದಿದ್ದೇನೆ. ಏನು ಹೇಳಲಿ?

ಉತ್ತರ: ಆ ಹುಡುಗಿ ಕೇಳಿದ ಎರಡೂ ಪ್ರಶ್ನೆಗೆ ಉತ್ತರ ಒಂದೇ ಕಡೆ ಇದೆ. ನಾನೂ ಬಹಳ ವರ್ಷ ಈ ಪಾಠ ಮಾಡಿದವನು. ಮೊದಮೊದಲು ಚಳವಳಿಗಳ ಪಟ್ಟಿ ಬರೆಸುತ್ತಿದ್ದೆ. ಆಮೇಲೆ ಒಂದೊಂದು ಚಳವಳಿಯ ಮುಂದೆಯೂ ಒಂದೇ ಪ್ರಶ್ನೆ ಇಟ್ಟು ನೋಡತೊಡಗಿದೆ: ಈ ಕಾನೂನು ಯಾರಿಗಾಗಿ ಬಂತೋ ಅವರ ಮಾತನ್ನು ಯಾರಾದರೂ ಕೂತು ಕೇಳಿದ್ದರೇ? ಕೇಳಿದ ಕಡೆ ಕೆಲಸ ಗಟ್ಟಿಯಾಗಿ ಉಳಿಯಿತು. ಕೇಳದ ಕಡೆ, ಸುಧಾರಕರು ಎಷ್ಟೇ ಒಳ್ಳೆಯವರಿದ್ದರೂ, ಕೆಲಸ ಕೆಟ್ಟಿತು. ಕೆಲವು ಕಡೆ ಅವರ ಕೈಯಿಂದಲೇ ಘೋರ ಅನ್ಯಾಯ ನಡೆಯಿತು.

ಮಕ್ಕಳಿಗೆ ಮೊದಲು ಒಂದು ಶನಿವಾರದ ಸಂಜೆಯ ಕತೆ ಹೇಳಿ. 1911ರ ಮಾರ್ಚ್ 25, ನ್ಯೂಯಾರ್ಕ್. ವಾಷಿಂಗ್ಟನ್ ಸ್ಕ್ವೇರ್ ಪಕ್ಕದ ಹತ್ತು ಮಹಡಿಯ ಕಟ್ಟಡದ ಮೇಲಿನ ಮೂರು ಮಹಡಿಗಳಲ್ಲಿ ಟ್ರಯಾಂಗಲ್ ಎಂಬ ಬಟ್ಟೆ ಕಾರ್ಖಾನೆ. ಅಲ್ಲಿ ಹೊಲಿಯುತ್ತಿದ್ದುದು ಹೆಂಗಸರ ಬ್ಲೌಸು. ಹೊಲಿಯುವವರಲ್ಲಿ ಹೆಚ್ಚಿನವರು ರಷ್ಯಾ ಕಡೆಯ ಯಹೂದಿ ಹುಡುಗಿಯರು ಮತ್ತು ಇಟಲಿಯಿಂದ ಬಂದವರು. ಹದಿನಾರು, ಹದಿನೆಂಟು, ಇಪ್ಪತ್ತರ ವಯಸ್ಸು. ಇನ್ನೇನು ಕೆಲಸ ಬಿಡುವ ಹೊತ್ತಿಗೆ ಎಂಟನೇ ಮಹಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗಿದ್ದ ಚಿಂದಿಯ ರಾಶಿಗೆ ಬೆಂಕಿ ಹೊತ್ತಿಕೊಂಡಿತು. ಹತ್ತನೇ ಮಹಡಿಯಲ್ಲಿದ್ದ ಮಾಲೀಕರಿಗೆ ಫೋನಿನಲ್ಲಿ ಸುದ್ದಿ ಹೋಯಿತು, ಅವರು ಚಾವಣಿ ಹತ್ತಿ ಪಾರಾದರು. ಒಂಬತ್ತನೇ ಮಹಡಿಗೆ ಯಾರೂ ತಿಳಿಸಲಿಲ್ಲ. ಅಲ್ಲಿನ ಒಂದು ಬಾಗಿಲಿಗೆ ಬೀಗ ಬಿದ್ದಿತ್ತು. ಹುಡುಗಿಯರು ಬಟ್ಟೆಯ ಚೂರು ಕದ್ದು ಒಯ್ದಾರು ಎಂದು ಎಲ್ಲರನ್ನೂ ಒಂದೇ ಬಾಗಿಲಿನಿಂದ, ಚೀಲ ತಪಾಸಣೆ ಮಾಡಿ ಬಿಡುವ ಪದ್ಧತಿ ಅಲ್ಲಿತ್ತು. ಹೊರಗಿನ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಕಳಚಿ ಬಿತ್ತು. ಅಗ್ನಿಶಾಮಕ ದಳದವರು ಏಣಿ ಎತ್ತಿದರು. ಅದು ಆರನೇ ಮಹಡಿಯವರೆಗೆ ಮಾತ್ರ ಮುಟ್ಟಿತು. ಹುಡುಗಿಯರು ಕೈ ಕೈ ಹಿಡಿದುಕೊಂಡು ಕಿಟಕಿಯಿಂದ ಹಾರಿದರು. 146 ಜನ ಸತ್ತರು, ಅವರಲ್ಲಿ 123 ಮಂದಿ ಹೆಂಗಸರು.

ಈ ಕತೆಯನ್ನು ‘ಬೆಂಕಿ ಬಿತ್ತು, ದೇಶ ಎಚ್ಚೆತ್ತಿತು, ಕಾನೂನು ಬಂತು’ ಎಂದು ಮುಗಿಸಿಬಿಡುವುದು ಸುಲಭ. ದಯವಿಟ್ಟು ಹಾಗೆ ಮುಗಿಸಬೇಡಿ. ಆ ಹುಡುಗಿಯರು ಒಂದೂವರೆ ವರ್ಷದ ಹಿಂದೆಯೇ ಬಾಯಿಬಿಟ್ಟು ಹೇಳಿದ್ದರು. 1909ರ ನವೆಂಬರ್ 22ರಂದು ನ್ಯೂಯಾರ್ಕಿನ ಕೂಪರ್ ಯೂನಿಯನ್ ಸಭಾಂಗಣದಲ್ಲಿ ದೊಡ್ಡ ದೊಡ್ಡ ಕಾರ್ಮಿಕ ನಾಯಕರು ಗಂಟೆಗಟ್ಟಲೆ ಭಾಷಣ ಮಾಡುತ್ತಿದ್ದಾಗ, ಕ್ಲಾರಾ ಲೆಮ್ಲಿಕ್ ಎಂಬ ಹೊಲಿಗೆ ಕೆಲಸದ ಹುಡುಗಿ ಎದ್ದು ಮಾತಾಡಲು ಅವಕಾಶ ಕೇಳಿದಳು. ಮುಷ್ಕರ ಮಾಡಿದ್ದಕ್ಕೆ ಮಾಲೀಕರ ಕಡೆಯ ಗೂಂಡಾಗಳು ಅವಳ ಪಕ್ಕೆಲುಬು ಮುರಿದು ಎರಡು ತಿಂಗಳು ಆಗಿತ್ತು. ಮಾತು ಕೇಳಿ ಕೇಳಿ ಸಾಕಾಗಿದೆ, ಈಗಲೇ ಎಲ್ಲ ಕಾರ್ಖಾನೆಗಳಲ್ಲೂ ಮುಷ್ಕರ ಶುರುವಾಗಲಿ ಎಂದು ಯಹೂದಿಗಳ ಮನೆಮಾತಾದ ಯಿಡ್ಡಿಷ್ ಭಾಷೆಯಲ್ಲಿ ಹೇಳಿದಳು. ಸಭೆಗೆ ಸಭೆಯೇ ಎದ್ದು ನಿಂತಿತು. ಹಿಂಜರಿದರೆ ಎತ್ತಿದ ಈ ಕೈ ಒಣಗಿಹೋಗಲಿ ಎಂದು ಆಣೆ ಮಾಡಿದರು. 20,000ಕ್ಕೂ ಹೆಚ್ಚು ಜನ ಬೀದಿಗಿಳಿದರು. ಟ್ರಯಾಂಗಲ್ ಹುಡುಗಿಯರು ಕೇಳಿದ್ದರಲ್ಲಿ ಸಂಬಳ, ಸಮಯದ ಜೊತೆಗೆ ಇನ್ನೆರಡು ಮಾತಿದ್ದವು: ಬಾಗಿಲಿಗೆ ಬೀಗ ಹಾಕಬೇಡಿ, ಬೆಂಕಿ ಬಿದ್ದರೆ ಇಳಿಯಲು ಸರಿಯಾದ ಮೆಟ್ಟಿಲು ಮಾಡಿಸಿ. ಬೇರೆ ಅನೇಕ ಕಾರ್ಖಾನೆಗಳು ಸಂಘದ ಜೊತೆ ಒಪ್ಪಂದ ಮಾಡಿಕೊಂಡವು. ಟ್ರಯಾಂಗಲ್‌ನವರು ಸಂಘವನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಬೆಂಕಿಯ ಆಮೇಲಾದರೂ ನ್ಯಾಯ ಸಿಕ್ಕಿತೇ ಎಂದು ಮಕ್ಕಳು ಕೇಳುತ್ತಾರೆ. ಮಾಲೀಕರಾದ ಮ್ಯಾಕ್ಸ್ ಬ್ಲಾಂಕ್ ಮತ್ತು ಐಸಾಕ್ ಹ್ಯಾರಿಸ್ ಅದೇ ವರ್ಷದ ಡಿಸೆಂಬರಿನಲ್ಲಿ ಖುಲಾಸೆಯಾದರು. ಬೀಗ ಹಾಕಿರುವುದು ಅವರಿಗೆ ಆ ಕ್ಷಣದಲ್ಲಿ ಗೊತ್ತಿತ್ತು ಎಂದು ಸಾಬೀತಾಗಲಿಲ್ಲವಂತೆ. ಸತ್ತವರ ಮನೆಯವರಿಗೆ 1914ರಲ್ಲಿ ಒಂದು ಜೀವಕ್ಕೆ 75 ಡಾಲರ್ ಲೆಕ್ಕದಲ್ಲಿ ಪರಿಹಾರ ಬಂತು. 1913ರಲ್ಲಿ ಬ್ಲಾಂಕ್ ತನ್ನ ಇನ್ನೊಂದು ಕಾರ್ಖಾನೆಯಲ್ಲೂ ಬಾಗಿಲಿಗೆ ಬೀಗ ಹಾಕಿಸಿ ಸಿಕ್ಕಿಬಿದ್ದ. ದಂಡ 20 ಡಾಲರ್. ಇಷ್ಟು ವರ್ಷ ಪಾಠ ಮಾಡಿಯೂ ಈ ಸಾಲು ಹೇಳುವಾಗ ನನಗೆ ಗಂಟಲು ಕಟ್ಟುತ್ತದೆ.

ಆದರೆ ಒಂದು ಕೆಲಸ ಸರಿಯಾಗಿ ನಡೆಯಿತು. ಆ ಸಂಜೆ ಬೀದಿಯಲ್ಲಿ ನಿಂತು ಹುಡುಗಿಯರು ಬೀಳುವುದನ್ನು ಕಣ್ಣಾರೆ ಕಂಡವರಲ್ಲಿ ಫ್ರಾನ್ಸೆಸ್ ಪರ್ಕಿನ್ಸ್ ಎಂಬ ಮೂವತ್ತರ ಆಸುಪಾಸಿನ ಸಮಾಜಸೇವಕಿ ಒಬ್ಬರು. ನ್ಯೂಯಾರ್ಕ್ ರಾಜ್ಯ ನೇಮಿಸಿದ ಕಾರ್ಖಾನೆ ತನಿಖಾ ಆಯೋಗದ ಕೆಲಸದಲ್ಲಿ ಅವರು ಸೇರಿಕೊಂಡರು. ಆಯೋಗದ ಮುಂದಾಳುಗಳು ರಾಬರ್ಟ್ ವ್ಯಾಗ್ನರ್ ಮತ್ತು ಆಲ್ ಸ್ಮಿತ್, ಇಬ್ಬರೂ ಪಳಗಿದ ರಾಜಕಾರಣಿಗಳು. ಪರ್ಕಿನ್ಸ್ ಈ ಇಬ್ಬರನ್ನೂ ಕಚೇರಿಯಲ್ಲಿ ಕೂತು ವರದಿ ಓದಲು ಬಿಡಲಿಲ್ಲ. ಹಗ್ಗದ ಕಾರ್ಖಾನೆಯ ಗೇಟಿನ ಮುಂದೆ ಬೆಳಗಿನ ಜಾವ ನಿಲ್ಲಿಸಿ, ಹತ್ತು ಗಂಟೆಯ ರಾತ್ರಿ ಪಾಳಿ ಮುಗಿಸಿ ಹೊರಬರುವ ಹೆಂಗಸರ ಮುಖ ತೋರಿಸಿದರು. ಡಬ್ಬಿ ಆಹಾರದ ಕಾರ್ಖಾನೆಯಲ್ಲಿ ಐದು, ಏಳು ವರ್ಷದ ಮಕ್ಕಳು ಬಟಾಣಿ ಬಿಡಿಸುತ್ತಾ ಹುರುಳಿಕಾಯಿ ಮುರಿಯುತ್ತಾ ಕೂತದ್ದನ್ನು ತೋರಿಸಿದರು. ಒಂದು ಕಡೆ ಗೋಡೆಯಲ್ಲಿ ಸಣ್ಣ ಕಿಂಡಿ. ಅದರಾಚೆ ಮಂಜು ಹೆಪ್ಪುಗಟ್ಟಿದ ಏಣಿ, ಅದೂ ನೆಲಕ್ಕಿಂತ ಹನ್ನೆರಡು ಅಡಿ ಮೇಲೆಯೇ ನಿಂತುಬಿಟ್ಟಿತ್ತು. ಕಾರ್ಖಾನೆಯವರು ಅದನ್ನೇ ‘ಬೆಂಕಿ ಮೆಟ್ಟಿಲು’ ಎನ್ನುತ್ತಿದ್ದರು. ವ್ಯಾಗ್ನರ್ ಅವರನ್ನು ಆ ಕಿಂಡಿಯಲ್ಲಿ ತೆವಳಿಸಿಯೇ ಬಿಟ್ಟರು ಪರ್ಕಿನ್ಸ್. ಕೆಲಸದವರು ಆಯೋಗದ ಮುಂದೆ ಬಂದು ಸಾಕ್ಷಿ ಹೇಳಿದರು. ಮೂರು ವರ್ಷದೊಳಗೆ 30ಕ್ಕೂ ಹೆಚ್ಚು ಕಾನೂನುಗಳು ಬಂದವು: ಹೊರಕ್ಕೆ ತೆರೆಯುವ ಬಾಗಿಲು, ಬೆಂಕಿ ತಾಲೀಮು, ನೀರು ಚಿಮ್ಮುವ ಕೊಳಾಯಿ, ಕೆಲಸದ ಗಂಟೆಗೆ ಮಿತಿ. ಜೊತೆಗೆ ಅದನ್ನು ನೋಡಿಕೊಳ್ಳುವ ಇನ್ಸ್‌ಪೆಕ್ಟರುಗಳು. ಕಾನೂನು ಇದ್ದೂ ಇನ್ಸ್‌ಪೆಕ್ಟರ್ ಇಲ್ಲದಿದ್ದರೆ ಏನಾಗುತ್ತದೆ ಎಂದು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

1933ರಲ್ಲಿ ಇದೇ ಪರ್ಕಿನ್ಸ್ ಅಮೆರಿಕದ ಕಾರ್ಮಿಕ ಮಂತ್ರಿಯಾದರು. ಕೇಂದ್ರ ಸಂಪುಟ ಸೇರಿದ ಮೊದಲ ಹೆಂಗಸು ಅವರೇ. 1935ರ ಸಾಮಾಜಿಕ ಭದ್ರತೆ ಕಾಯ್ದೆಯ ಹಿಂದೆ, 1938ರ ಕನಿಷ್ಠ ಕೂಲಿ ಮತ್ತು ಕೆಲಸದ ವೇಳೆಯ ಕಾಯ್ದೆಯ ಹಿಂದೆ ಅವರ ಕೈ ಇದೆ. ಇದೆಲ್ಲ ಶುರುವಾದದ್ದು ಆ ಮಾರ್ಚ್ 25ರಂದೇ ಎಂದು ಅವರು ಮುಂದೆ ಹೇಳುತ್ತಿದ್ದರು.

ಈಗ ಇದಕ್ಕೆ ಉಲ್ಟಾ ಆದ ಒಂದು ಕತೆ. ಇದನ್ನು ಮಕ್ಕಳು ಮರೆಯುವುದಿಲ್ಲ. 1900ರ ಜನಗಣತಿಯಲ್ಲಿ 10ರಿಂದ 15 ವರ್ಷದೊಳಗಿನ ಸುಮಾರು 17.5 ಲಕ್ಷ ಮಕ್ಕಳು ದುಡಿಯುತ್ತಿದ್ದರೆಂದು ದಾಖಲಾಗಿದೆ. ವರ್ಷಗಟ್ಟಲೆ ಹೋರಾಟವಾದ ಮೇಲೆ 1916ರಲ್ಲಿ ಕೀಟಿಂಗ್–ಓವೆನ್ ಕಾಯ್ದೆ ಬಂತು. ಕಾರ್ಖಾನೆಯಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸಿದರೆ ಅಲ್ಲಿನ ಮಾಲನ್ನು ಬೇರೆ ರಾಜ್ಯಕ್ಕೆ ಕಳಿಸುವಂತಿಲ್ಲ. 14ರಿಂದ 16ರವರಿಗೆ ದಿನಕ್ಕೆ ಎಂಟೇ ಗಂಟೆ ಕೆಲಸ. ನಾರ್ತ್ ಕ್ಯಾರೊಲಿನಾದ ಶಾರ್ಲೆಟ್ ಊರಿನ ಹತ್ತಿಗಿರಣಿಯಲ್ಲಿ ರೋಲಂಡ್ ಡ್ಯಾಗನ್‌ಹಾರ್ಟ್ ಎಂಬಾತ ಮತ್ತು ಅವನ ಇಬ್ಬರು ಮಕ್ಕಳು, ರೂಬೆನ್ ಮತ್ತು ಜಾನ್, ದುಡಿಯುತ್ತಿದ್ದರು. ನನ್ನ ಮಕ್ಕಳ ದುಡಿಮೆಯನ್ನು ಈ ಕಾನೂನು ಕಸಿಯುತ್ತದೆ ಎಂದು ಅಪ್ಪನ ಹೆಸರಿನಲ್ಲಿ ಕೇಸು ಬಿತ್ತು; ಹಿಂದಿದ್ದವರು ಗಿರಣಿ ಮಾಲೀಕರು. 1918ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ತೀರ್ಪಿನಲ್ಲಿ ಕಾಯ್ದೆಯನ್ನೇ ಹೊಡೆದುಹಾಕಿತು.

ಕೆಲವು ವರ್ಷದ ಮೇಲೆ ಒಬ್ಬ ಪತ್ರಕರ್ತ ಆ ರೂಬೆನ್‌ನನ್ನು ಹುಡುಕಿಕೊಂಡು ಹೋದ. ಆಗ ಹುಡುಗನಿಗೆ ಇಪ್ಪತ್ತು ವರ್ಷ, ಹೆಂಡತಿ, ಮಗು. ತೂಕ 105 ಪೌಂಡ್, ಅಂದರೆ 48 ಕಿಲೋ. ಕೋರ್ಟಿನಲ್ಲಿ ಗೆದ್ದಿರಲ್ಲ, ನಿನಗೇನು ಲಾಭವಾಯಿತು ಎಂದು ಪತ್ರಕರ್ತ ಕೇಳಿದ. ಒಂದಷ್ಟು ಕೋಕಾಕೋಲಾ ಕುಡಿಸಿದರು, ಕಾರಿನಲ್ಲಿ ಸುತ್ತಾಡಿಸಿದರು, ಇನ್ನೇನೂ ಇಲ್ಲ ಎಂದ ರೂಬೆನ್. ಗಿರಣಿಯ ಕೆಲಸ ನನ್ನ ಬೆಳವಣಿಗೆ ಕುಂಠಿಸಿತು, ಮೂರನೇ ತರಗತಿಗೇ ಓದು ನಿಂತಿತು, ಅವರು ಗೆಲ್ಲದಿದ್ದರೇ ನನಗೆ ಒಳ್ಳೆಯದಿತ್ತು ಎಂದ. ಕೋರ್ಟಿನಲ್ಲಿ ನೀನೇನು ಹೇಳಿದೆ ಎಂದರೆ, ನಾನೂ ತಮ್ಮನೂ ಅಲ್ಲಿಗೆ ಹೋಗಲೇ ಇಲ್ಲ, ಅಪ್ಪ ಮಾತ್ರ ಹೋಗಿದ್ದ ಎಂದ. ‘ಮಗುವಿನ ಹಕ್ಕು’ ಎಂದು ಅಷ್ಟು ದೊಡ್ಡ ಕೋರ್ಟಿನಲ್ಲಿ ವಾದವಾಯಿತು. ಆ ಮಗುವನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮಕ್ಕಳ ದುಡಿಮೆಯನ್ನೂ ತಡೆದ 1938ರ ಕಾಯ್ದೆ ಬಂದು, 1941ರಲ್ಲಿ ಸುಪ್ರೀಂ ಕೋರ್ಟು ತನ್ನ ಹಳೇ ತೀರ್ಪನ್ನು ತಾನೇ ತಳ್ಳಿಹಾಕುವವರೆಗೆ ಈ ಬಾಗಿಲು ತೆರೆಯಲಿಲ್ಲ.

ಆಹಾರದ ಕಾನೂನಿನ ವಿಷಯ ಚುಟುಕಾಗಿ ಹೇಳಿದರೆ ಸಾಕು. ಅಪ್ಟನ್ ಸಿಂಕ್ಲೇರ್ ಏಳು ವಾರ ಶಿಕಾಗೋದ ಕಸಾಯಿಖಾನೆಗಳ ಕೆಲಸಗಾರರ ನಡುವೆ ಓಡಾಡಿ, ಅವರ ಬದುಕನ್ನು ‘ದಿ ಜಂಗಲ್’ ಕಾದಂಬರಿಯಲ್ಲಿ ಬರೆದರು. ಓದಿದವರು ತಮ್ಮ ತಟ್ಟೆಯ ಮಾಂಸ ಎಷ್ಟು ಗಲೀಜು ಎಂದು ಕಂಗಾಲಾದರು. 1906ರ ಜೂನ್ 30ರಂದು ಮಾಂಸ ತಪಾಸಣೆಯ ಕಾಯ್ದೆ, ಶುದ್ಧ ಆಹಾರ ಮತ್ತು ಔಷಧದ ಕಾಯ್ದೆ ಎರಡೂ ಬಂದವು. ಕಸಾಯಿಖಾನೆಯ ಕೂಲಿಯವನಿಗೆ ಏನೂ ಬರಲಿಲ್ಲ. ಜನರ ಎದೆಗೆ ಗುರಿಯಿಟ್ಟೆ, ಅದು ಹೊಟ್ಟೆಗೆ ತಗುಲಿತು ಎಂದು ಸಿಂಕ್ಲೇರ್ ನೊಂದುಕೊಂಡರು.

ಇನ್ನು ಹುಡುಗಿಯ ಮೊದಲ ಪ್ರಶ್ನೆ, ಪಾನನಿಷೇಧ. ಇದನ್ನು ಮಡಿವಂತರ ಹುಚ್ಚು ಎಂದು ತಳ್ಳಿಹಾಕಬಾರದು. 1874ರಲ್ಲಿ ಹೆಂಗಸರು ಪಾನವಿರೋಧಿ ಸಂಘ ಕಟ್ಟಿದಾಗ ಅವರ ನೋವು ನಿಜವಾದದ್ದೇ. ಗಂಡ ಸಂಬಳವನ್ನೆಲ್ಲ ಕುಡಿದು ಬಂದು ಹೊಡೆದರೆ ಹೆಂಡತಿಗೆ ಹೋಗಲು ಜಾಗವಿಲ್ಲ, ಮತವಿಲ್ಲ, ಕೋರ್ಟಿನಲ್ಲಿ ಬೆಲೆಯಿಲ್ಲ. ನಮ್ಮ ಹಳ್ಳಿಗಳಲ್ಲಿ ಸಾರಾಯಿ ಅಂಗಡಿಯ ವಿರುದ್ಧ ಹೋರಾಡಿದ ತಾಯಂದಿರಿಗೆ ಆ ಸಂಕಟ ಚೆನ್ನಾಗಿ ಗೊತ್ತು. ಆದರೆ 1893ರಲ್ಲಿ ಶುರುವಾದ ಆಂಟಿ ಸಲೂನ್ ಲೀಗ್ ಆ ನೋವನ್ನು ಎತ್ತಿಕೊಂಡು ಬೇರೆ ದಾರಿ ಹಿಡಿಯಿತು. ಹೆಂಡದಂಗಡಿ ಅಂದರೆ ಹೊರಗಿನಿಂದ ಬಂದ ಐರಿಷ್, ಜರ್ಮನ್, ಇಟಾಲಿಯನ್ ಕೂಲಿಯವರ ಅಡ್ಡೆ. ಅವರಿಗೆ ಕೆಲಸದ ಸುದ್ದಿ ಸಿಗುತ್ತಿದ್ದುದೂ ಊರಿನವರು ಸಿಗುತ್ತಿದ್ದುದೂ ಅಲ್ಲೇ. ಅಂಗಡಿ ಮುಚ್ಚಿದರೆ ಅವರ ರಾಜಕೀಯ ಬಲವೂ ಮುರಿಯುತ್ತದೆ ಎಂಬ ಲೆಕ್ಕ ಬಹಳ ಜನರಿಗಿತ್ತು. ಮೊದಲ ಮಹಾಯುದ್ಧ ಬಂದಾಗ ಬಿಯರ್ ತಯಾರಿಸುವ ಜರ್ಮನ್ ಮನೆತನಗಳ ಮೇಲಿನ ದ್ವೇಷವೂ ಸೇರಿಕೊಂಡಿತು. 1913ರಲ್ಲಿ ಆದಾಯ ತೆರಿಗೆ ಬಂದ ಮೇಲೆ ಸರ್ಕಾರಕ್ಕೆ ಹೆಂಡದ ತೆರಿಗೆ ಅನಿವಾರ್ಯವಾಗಿ ಉಳಿಯಲಿಲ್ಲ. 1919ರ ಜನವರಿಯಲ್ಲಿ ಸಂವಿಧಾನದ 18ನೇ ತಿದ್ದುಪಡಿಗೆ ಒಪ್ಪಿಗೆ ಸಿಕ್ಕಿತು. 1920ರ ಜನವರಿ 17ರಿಂದ ನಿಷೇಧ ಜಾರಿ.

ತಯಾರಿಕೆ, ಮಾರಾಟ, ಸಾಗಾಟ ಅಪರಾಧವಾಯಿತು. ಮನೆಯಲ್ಲಿ ಮೊದಲೇ ಕೊಂಡಿಟ್ಟದ್ದನ್ನು ಕುಡಿಯುವುದು ಅಪರಾಧವಲ್ಲ. ಹಾಗಾಗಿ ಶ್ರೀಮಂತರು ನೆಲಮಾಳಿಗೆ ತುಂಬಿಸಿಕೊಂಡರು, ಪೊಲೀಸರು ಬಡವರ ಕೇರಿಗೆ ನುಗ್ಗಿದರು. ಮೊದಲ ವರ್ಷಗಳಲ್ಲಿ ಕುಡಿತ ನಿಜವಾಗಿಯೂ ಇಳಿದಿತ್ತು, ಲಿವರ್ ರೋಗದ ಸಾವೂ ಕಮ್ಮಿಯಾಗಿತ್ತು, ಇದನ್ನು ಮುಚ್ಚಿಡಬೇಕಾಗಿಲ್ಲ. ಆಮೇಲೆ ಕಳ್ಳಭಟ್ಟಿ, ಗ್ಯಾಂಗುಗಳು, ಲಂಚ. ಕೈಗಾರಿಕೆಗೆಂದು ಇದ್ದ ಸ್ಪಿರಿಟ್ ಅನ್ನು ಕುಡಿಯಬಾರದೆಂದು ಸರ್ಕಾರವೇ ವಿಷ ಬೆರೆಸಲು ಹೇಳಿತು, ಅದನ್ನೂ ಕುಡಿದು ಜನ ಸತ್ತರು. ಹೆಂಗಸರು ಕೇಳಿದ್ದು ಹೊಡೆತವಿಲ್ಲದ ಮನೆ, ಕೈಗೆ ಬರುವ ಸಂಬಳ. ಅವರಿಗೆ ಸಿಕ್ಕಿದ್ದು ಪೊಲೀಸ್ ದಾಳಿ. 1933ರ ಡಿಸೆಂಬರ್ 5ರಂದು 21ನೇ ತಿದ್ದುಪಡಿ ತಂದು ನಿಷೇಧ ತೆಗೆದುಹಾಕಿದಾಗ, ತೆಗೆಯಿರಿ ಎಂದವರಲ್ಲಿ ಹೆಂಗಸರ ಸಂಘಟನೆಗಳೂ ಮುಂದಿದ್ದವು.

ಎರಡನೇ ಪ್ರಶ್ನೆ ಇದಕ್ಕಿಂತ ಕಠಿಣ. ಬಾಲಕಾರ್ಮಿಕ ಕಾಯ್ದೆಗೆ 1916ರಲ್ಲಿ ಸಹಿ ಹಾಕಿದ ಅಧ್ಯಕ್ಷ ವುಡ್ರೋ ವಿಲ್ಸನ್ ಅವರ ಸರ್ಕಾರವೇ, 1913ರಿಂದ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬಿಳಿಯರಿಂದ ಬೇರೆ ಕೂರಿಸತೊಡಗಿತ್ತು. 1914ರಲ್ಲಿ ವಿಲಿಯಂ ಮನ್ರೋ ಟ್ರಾಟರ್ ಎಂಬ ಕಪ್ಪು ಪತ್ರಕರ್ತ ನಿಯೋಗ ಕಟ್ಟಿಕೊಂಡು ಹೋಗಿ ಪ್ರತಿಭಟಿಸಿದರು. ಇದು ಅವಮಾನವಲ್ಲ, ನಿಮಗೆ ಒಳ್ಳೆಯದೇ, ನೀವೂ ಹಾಗೇ ತಿಳಿಯಬೇಕು ಎಂದು ವಿಲ್ಸನ್ ಆ ನಿಯೋಗದವರಿಗೇ ಬುದ್ಧಿ ಹೇಳಿದರು. ಟ್ರಾಟರ್ ಪಟ್ಟು ಬಿಡದಿದ್ದಾಗ, ನಿಮ್ಮ ಮಾತಿನ ಧಾಟಿ ಸರಿಯಿಲ್ಲ ಎಂದು ಕಳಿಸಿಬಿಟ್ಟರು. ಆ ಕಾಲದ ಸುಧಾರಕರ ಅತಿ ದೊಡ್ಡ ರೋಗ ಇದು: ನಿನಗೆ ಏನು ಒಳ್ಳೆಯದು ಎಂದು ನನಗೆ ಗೊತ್ತು.

ಹೆಂಗಸರ ಮತದ ಹೋರಾಟದ ಒಳಗೂ ಇದೇ ರೋಗ ಹೊಕ್ಕಿತ್ತು. 1913ರ ಮಾರ್ಚ್ 3ರಂದು ವಾಷಿಂಗ್ಟನ್‌ನಲ್ಲಿ ದೊಡ್ಡ ಮೆರವಣಿಗೆ. ದಕ್ಷಿಣದ ಬಿಳಿ ಹೆಂಗಸರಿಗೆ ಬೇಸರವಾದೀತೆಂದು ಕಪ್ಪು ಹೆಂಗಸರು ಹಿಂದೆ ನಡೆಯಲಿ ಎಂದರು. ಕಪ್ಪುಜನರನ್ನು ಗುಂಪುಗೂಡಿ ಕೊಲ್ಲುವುದರ ವಿರುದ್ಧ ಜೀವ ಪಣಕ್ಕಿಟ್ಟು ಬರೆದಿದ್ದ ಐಡಾ ಬಿ. ವೆಲ್ಸ್ ಒಪ್ಪಲಿಲ್ಲ, ಮೆರವಣಿಗೆ ಹೊರಟ ಮೇಲೆ ಜನರ ನಡುವಿನಿಂದ ಬಂದು ತಮ್ಮ ಇಲಿನಾಯ್ ರಾಜ್ಯದ ತಂಡದ ಜೊತೆಯಲ್ಲೇ ಹೆಜ್ಜೆ ಹಾಕಿದರು. 1920ರ ಆಗಸ್ಟ್‌ನಲ್ಲಿ 19ನೇ ತಿದ್ದುಪಡಿ ಗೆದ್ದಿತು. ದಕ್ಷಿಣದ ರಾಜ್ಯಗಳ ಬಹುಪಾಲು ಕಪ್ಪು ಹೆಂಗಸರ ಕೈಗೆ ಆ ಮತ ಸಿಕ್ಕಿದ್ದು 1965ರ ಮತಾಧಿಕಾರ ಕಾಯ್ದೆಯ ನಂತರ. ರೈಲಿನಲ್ಲೂ ಬಿಳಿಯರಿಗೊಂದು ಕಪ್ಪುಜನರಿಗೊಂದು ಡಬ್ಬಿ ಎಂಬ ಪದ್ಧತಿ ಹಾಗೇ ಉಳಿದಿತ್ತು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅಲ್ಲಿ ಪ್ರವಾಸ ಮಾಡುವಾಗ ಅದನ್ನು ಅನುಭವಿಸಿದರು. ಈ ಡಬ್ಬಿಯಿಂದ ಏಳಿ ಎಂದ ರೈಲ್ವೆಯವನು, ಅವರು ಭಾರತದವರೆಂದು ತಿಳಿದು ಮೆತ್ತಗಾದ. ಅವರು ಆ ವಿನಾಯಿತಿಯನ್ನು ತೆಗೆದುಕೊಳ್ಳಲಿಲ್ಲ. ನಾನೂ ಬಣ್ಣದ ಹೆಂಗಸೇ, ಇಲ್ಲಿಂದ ಏಳುವುದಿಲ್ಲ ಎಂದು ಕೂತರು.

‘ಅಷ್ಟು ಒಳ್ಳೆಯವರಾಗಿದ್ದರೆ’ ಎಂದಳಲ್ಲ ನಿಮ್ಮ ಹುಡುಗಿ, ಅವಳಿಗೆ ಇನ್ನೊಂದು ಕೇಸು ಹೇಳಿ. ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಬಾಲಕಾರ್ಮಿಕ ಕೇಸಿನಲ್ಲಿ ಮಕ್ಕಳ ಪರ ಭಿನ್ನ ತೀರ್ಪು ಬರೆದವರು. ಲೂಯಿ ಬ್ರಾಂಡೈಸ್ 1908ರಲ್ಲಿ, ವಕೀಲರಾಗಿದ್ದಾಗ, ದುಡಿಯುವ ಹೆಂಗಸರ ಆರೋಗ್ಯದ ಬಗ್ಗೆ ನೂರಕ್ಕೂ ಹೆಚ್ಚು ಪುಟ ಪುರಾವೆ ಇಟ್ಟು, ದಿನಕ್ಕೆ ಹತ್ತು ಗಂಟೆಯ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಗೆಲ್ಲಿಸಿದವರು. ಇಬ್ಬರೂ ಸುಧಾರಣೆಯ ಕಾನೂನುಗಳ ಪರ ನಿಂತವರು. 1927ರಲ್ಲಿ, ಇಬ್ಬರೂ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾಗಿದ್ದಾಗ, ಇವರ ಮುಂದೆ ವರ್ಜೀನಿಯಾದ ಕ್ಯಾರಿ ಬಕ್ ಎಂಬ ಹುಡುಗಿಯ ಕೇಸು ಬಂತು. ಸಾಕಿದ ಮನೆಯವರ ಸಂಬಂಧಿಯಿಂದ ಅತ್ಯಾಚಾರಕ್ಕೆ ಒಳಗಾಗಿ ಬಸುರಾದವಳು. ಮನೆಯವರು ಅವಳಿಗೆ ಬುದ್ಧಿಮಾಂದ್ಯ ಎಂದು ಸರ್ಕಾರಿ ಆಶ್ರಮಕ್ಕೆ ಸೇರಿಸಿದರು. ‘ಕೆಟ್ಟ ರಕ್ತ’ ಬೆಳೆಯಬಾರದು ಎಂಬ ಸುಜನನಶಾಸ್ತ್ರ ಆಗ ವಿಜ್ಞಾನದ, ಪ್ರಗತಿಯ ಮಾತಾಗಿತ್ತು. ಅವಳಿಗೆ ಮುಂದೆ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಲು ಕೋರ್ಟು ಎಂಟಕ್ಕೆ ಒಂದರಂತೆ ಒಪ್ಪಿತು. ತೀರ್ಪು ಬರೆದವರು ಹೋಮ್ಸ್: ಮೂರು ತಲೆಮಾರು ಮೂಢರು ಸಾಕು ಎಂದು. ಬ್ರಾಂಡೈಸ್ ಅದಕ್ಕೆ ಒಪ್ಪಿದರು. ಅವಳ ಕಡೆಯ ವಕೀಲನೇ ಆಶ್ರಮದವರ ಗೆಳೆಯ. ಅವಳ ಪರವಾಗಿ ಒಬ್ಬ ಸಾಕ್ಷಿಯನ್ನೂ ಕರೆಸಲಿಲ್ಲ. ಆ ‘ಮೂರನೇ ತಲೆಮಾರಿನ’ ಮಗು ವಿವಿಯನ್ ಎಂಟು ವರ್ಷಕ್ಕೆ ತೀರಿಕೊಂಡಳು. ಶಾಲೆಯಲ್ಲಿ ಒಂದು ಅವಧಿಯಲ್ಲಿ ಒಳ್ಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅವಳ ಹೆಸರಿತ್ತು. ಅಮೆರಿಕದಲ್ಲಿ ಇಂಥ ಕಾನೂನುಗಳ ಅಡಿಯಲ್ಲಿ 60,000ಕ್ಕೂ ಹೆಚ್ಚು ಜನರಿಗೆ ಈ ಶಸ್ತ್ರಚಿಕಿತ್ಸೆ ಆಯಿತು.

ಪರಿಣಾಮಗಳ ಬಗ್ಗೆ ಬರೆಸುವಾಗ 1935 ಮತ್ತು 1938ರ ಕಾಯ್ದೆಗಳ ಒಳಗೂ ಇಣುಕಿ ನೋಡಿಸಿ. ವೃದ್ಧಾಪ್ಯ ಪಿಂಚಣಿಯಿಂದ ಹೊಲದ ಕೂಲಿಯವರನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು, ಕನಿಷ್ಠ ಕೂಲಿಯೂ ಅವರಿಗೆ ಮುಟ್ಟಲಿಲ್ಲ. ದುಡಿಯುವ ಕಪ್ಪುಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಾಡುತ್ತಿದ್ದುದು ಅದೇ ಕೆಲಸ. ಕಾನೂನು ಬರೆದ ಕೋಣೆಯಲ್ಲಿ ಅವರ ಕಡೆಯಿಂದ ಬಿಗಿಹಿಡಿದು ಮಾತಾಡುವವರು ಇರಲಿಲ್ಲ. ಮನೆಗೆಲಸದವರಿಗೇ ಮೀಸಲಾದ ಹಕ್ಕಿನ ಕಾಯ್ದೆ ನ್ಯೂಯಾರ್ಕ್ ರಾಜ್ಯದಲ್ಲಿ ಬಂದದ್ದು 2010ರಲ್ಲಿ. ಅಮೆರಿಕದಲ್ಲಿ ಅದೇ ಮೊದಲು.

ಕೊನೆಗೆ ಒಂದು ಸಲಹೆ. ತರಗತಿಗೆ ಲೂಯಿಸ್ ಹೈನ್ ತೆಗೆದ ಫೋಟೋಗಳನ್ನು ತೆಗೆದುಕೊಂಡು ಹೋಗಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅವರ 5,000ದಷ್ಟು ಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ, ಕಾಸು ಕೊಡಬೇಕಾಗಿಲ್ಲ. ಶಾಲೆ ಮೇಷ್ಟ್ರಾಗಿದ್ದ ಹೈನ್, ಬಾಲಕಾರ್ಮಿಕ ಸಮಿತಿಯ ಪರವಾಗಿ ಏನಾದರೊಂದು ನೆಪ ಹೇಳಿ ಗಿರಣಿಗಳ ಒಳಗೆ ಹೋಗುತ್ತಿದ್ದರು. ತಮ್ಮ ಅಂಗಿಯ ಯಾವ ಗುಂಡಿ ನೆಲದಿಂದ ಎಷ್ಟು ಎತ್ತರ ಎಂದು ಅಳೆದಿಟ್ಟುಕೊಂಡು, ಪಕ್ಕದಲ್ಲಿ ನಿಂತ ಮಗುವಿನ ಎತ್ತರವನ್ನು ಗುಟ್ಟಾಗಿ ಬರೆದುಕೊಳ್ಳುತ್ತಿದ್ದರು. 1908ರ ಡಿಸೆಂಬರಿನಲ್ಲಿ ನಾರ್ತ್ ಕ್ಯಾರೊಲಿನಾದ ವಿಟ್ನೆಲ್ ಹತ್ತಿಗಿರಣಿಯಲ್ಲಿ ತೆಗೆದ ಒಂದು ಚಿತ್ರವಿದೆ. ಉದ್ದಕ್ಕೆ ಸಾಲಾಗಿ ನೂಲುವ ಯಂತ್ರ, ಅದರ ಪಕ್ಕ ಒಬ್ಬ ಪುಟ್ಟ ಹುಡುಗಿ. ಕೆಳಗೆ ಹೈನ್ ಬರೆದದ್ದು: ಎತ್ತರ 51 ಇಂಚು, ಗಿರಣಿಗೆ ಬಂದು ಒಂದು ವರ್ಷ, ಕೆಲವೊಮ್ಮೆ ರಾತ್ರಿ ಪಾಳಿ, ದಿನಕ್ಕೆ 48 ಸೆಂಟ್. ವಯಸ್ಸೆಷ್ಟು ಎಂದು ಕೇಳಿದರೆ ಹುಡುಗಿ ತಡವರಿಸಿದಳಂತೆ. ನೆನಪಿಲ್ಲ ಎಂದಳಂತೆ. ಆಮೇಲೆ ಮೆಲ್ಲಗೆ, ಅವರಿಗೊಬ್ಬರಿಗೇ ಕೇಳುವ ಹಾಗೆ ಹೇಳಿದಳು: ಕೆಲಸ ಮಾಡುವಷ್ಟು ವಯಸ್ಸು ನನಗಾಗಿಲ್ಲ, ಆದರೂ ಮಾಡುತ್ತೇನೆ.